ಗುಲಾಮರ ಕೊಲ್ಲಿಯ ವ್ಯಾಲಿರಿಯನ್ ನಿಜಕ್ಕೂ ಕ್ರಿಯೋಲ್ ಹೌದೇ? ಹೌದಾದರೆ ಅದು ಯಾರ ಬಾಯಲ್ಲಿ ಹುಟ್ಟಿತು?

ನೀರಕಾಗೆ:

ಕಾಲ್ಪನಿಕ ಗುಲಾಮರ ಕೊಲ್ಲಿಯ ಆಸ್ತಪೋರ್, ಯುಂಕೈ, ಮೀರೀನ್ ಎಂಬ ಮೂರು ನಗರಗಳಲ್ಲಿ ಆಡುವ ವ್ಯಾಲಿರಿಯನ್ ಮಾತನ್ನು ಅಭಿಮಾನಿಗಳು ‘ಕ್ರಿಯೋಲ್’ ಎಂದು ಕರೆಯುವುದು ವಾಡಿಕೆಯಾಗಿಬಿಟ್ಟಿದೆ. ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ 2013ರ ಮೂರನೇ ಸರಣಿಯನ್ನು ಈಚೆಗೆ ಮತ್ತೊಮ್ಮೆ ನೋಡಿದಾಗ ಆ ಹೆಸರು ಎಷ್ಟರ ಮಟ್ಟಿಗೆ ಸರಿ ಎಂಬ ಅನುಮಾನ ಬಂತು. ಭಾಷಾವಿಜ್ಞಾನ ಬಲ್ಲವರು ಇಲ್ಲಿ ಕೆಲವರಾದರೂ ಇದ್ದೀರಿ ಎಂಬ ಧೈರ್ಯದಿಂದ ಇದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಧಾರಾವಾಹಿಗೆ ಆಧಾರವಾದ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿಗಳು ಕೊಡುವ ಹಿನ್ನೆಲೆ ಹೀಗಿದೆ. ಘಿಸ್ಕಾರಿ ಸಾಮ್ರಾಜ್ಯವು ಡ್ರ್ಯಾಗನ್‌ಗಳನ್ನು ಪಳಗಿಸಿದ್ದ ವ್ಯಾಲಿರಿಯದೊಡನೆ ಐದು ಯುದ್ಧಗಳನ್ನು ಮಾಡಿ ಸೋತಿತು. ಹಳೆಯ ಘಿಸ್ ನಗರ ನೆಲಸಮವಾಯಿತು, ಅಲ್ಲಿನ ಮಣ್ಣಿಗೆ ಉಪ್ಪು ಬಿತ್ತಲಾಯಿತು. ಕಥೆ ನಡೆಯುವ ಕಾಲಕ್ಕೆ ಅದು ಐದು ಸಾವಿರ ವರ್ಷಗಳ ಹಿಂದಿನ ಮಾತು. ತಾವು ಘಿಸ್‌ನ ವಾರಸುದಾರರೆಂದು ಬೀಗುವ ಈ ಮೂರು ನಗರಗಳ ಒಡೆಯರು ಹಾರ್ಪಿ ಎಂಬ ರೆಕ್ಕೆಯ ಹೆಣ್ಣಿನ ಲಾಂಛನವನ್ನೂ ಇಟ್ಟಿಗೆಯ ಪಿರಮಿಡ್ಡುಗಳನ್ನೂ ಉಳಿಸಿಕೊಂಡರು, ಆದರೆ ನುಡಿಯನ್ನು ಕಳೆದುಕೊಂಡು ಗೆದ್ದವರ ನುಡಿಯನ್ನೇ ಆಡತೊಡಗಿದರು. ಗುಲಾಮ ವ್ಯಾಪಾರಿ ಕ್ರಾಜ್ನಿಸ್ ಬಾಯಿ ತೆರೆದಾಗ ಸೈನಿಕರನ್ನು ಕೊಳ್ಳಲು ಬಂದ, ವ್ಯಾಲಿರಿಯ ಮೂಲದ ರಾಣಿ ಡೆನೇರಿಸ್‌ಗೆ ಕೇಳಿಸುವುದು ಘಿಸ್‌ನ ಗುರುಗುಟ್ಟುವ ಉಚ್ಚಾರ ಹತ್ತಿಕೊಂಡ ವ್ಯಾಲಿರಿಯನ್, ಅದರ ನಡುನಡುವೆ ಗುಲಾಮ ವ್ಯಾಪಾರದ ಕೆಲವು ಒಳಮಾತುಗಳು.

ನನ್ನ ತಕರಾರು ಇಷ್ಟೇ. ಒಬ್ಬರ ಮಾತು ಒಬ್ಬರಿಗೆ ತಿಳಿಯದ ಹಲವು ಜನ ಬಲವಂತದಿಂದ ಒಂದೆಡೆ ಕೂಡಿದಾಗ, ಕಲಿಯಬೇಕಾದ ಭಾಷೆ ಅವರ ಕೈಗೆ ಪೂರ್ತಿಯಾಗಿ ಎಟುಕದಿದ್ದಾಗ, ಸಿಕ್ಕಷ್ಟು ಪದಗಳಿಂದ ಕಟ್ಟಿಕೊಂಡ ಮಾತು ಮಕ್ಕಳ ತಾಯ್ನುಡಿಯಾದಾಗ ಅದನ್ನು ಕ್ರಿಯೋಲ್ ಎನ್ನುತ್ತೇವೆ. ಕ್ರಾಜ್ನಿಸ್‌ನ ಪೂರ್ವಜರು ಹಾಗಿರಲಿಲ್ಲ. ಅವರೆಲ್ಲರಿಗೂ ಒಂದೇ ಭಾಷೆಯಿತ್ತು, ಅದನ್ನು ಬಿಟ್ಟು ಇನ್ನೊಂದನ್ನು ಹಿಡಿದರು, ಹಾಗೆ ಹಿಡಿಯುವುದಕ್ಕೆ ಅವರಿಗೆ ತಲೆಮಾರುಗಟ್ಟಲೆ ಸಮಯವೂ ಇತ್ತು. ಕ್ರಿಯೋಲ್ ಹುಟ್ಟಬೇಕಾದ ಸ್ಥಿತಿ ಇದ್ದದ್ದು ಅವರು ಕೊಂಡು ಮಾರುತ್ತಿದ್ದ ಜನರಲ್ಲಿ. ಆ ಜನರ ಮಾತನ್ನು ನಾವು ಎಲ್ಲಿಯಾದರೂ ಕೇಳಿದ್ದೇವೆಯೇ?

ಮೂರನೇ ವಿಭಕ್ತಿ:

ಭಾಷೆಯನ್ನು ಕಟ್ಟಿದ ರೀತಿಯಲ್ಲೇ ನಿಮ್ಮ ಅನುಮಾನಕ್ಕೆ ಬೆಂಬಲ ಸಿಗುತ್ತದೆ. ಕಾದಂಬರಿಗಳಲ್ಲಿ ವ್ಯಾಲಿರಿಯನ್ನಿನ ಬೆರಳೆಣಿಕೆಯ ತುಣುಕುಗಳು ಮಾತ್ರ ಇದ್ದವು. ಧಾರಾವಾಹಿಗಾಗಿ ಅದನ್ನು ಆಡಬಲ್ಲ ಭಾಷೆಯನ್ನಾಗಿ ಮಾಡಿದವರು ಡೇವಿಡ್ ಜೆ. ಪೀಟರ್‌ಸನ್. ಅವರು ಮೊದಲು ವ್ಯಾಲಿರಿಯದ ಹಳೆಯ ಶಿಷ್ಟ ಭಾಷೆಯಾದ ಪ್ರೌಢ ವ್ಯಾಲಿರಿಯನ್ನನ್ನು (ಹೈ ವ್ಯಾಲಿರಿಯನ್) ರೂಪಿಸಿ, ಅದರಿಂದ ಆಸ್ತಪೋರಿನ ಮಾತನ್ನೂ ಮುಂದಿನ ಸರಣಿಯಲ್ಲಿ ಮೀರೀನಿನ ಮಾತನ್ನೂ ಹೊರಡಿಸಿದರು. ಪ್ರೌಢ ವ್ಯಾಲಿರಿಯನ್ನಿನ ವ್ಯಾಕರಣ ಮೈತುಂಬ ಒಡವೆ ಹೇರಿಕೊಂಡಂತಿದೆ: ನಾಮಪದಗಳಿಗೆ ಚಂದ್ರ, ಸೂರ್ಯ, ಭೂಮಿ, ಜಲ ಎಂಬ ನಾಲ್ಕು ಲಿಂಗಗಳು, ಏಕ ಮತ್ತು ಬಹುವಚನಗಳ ಜೊತೆಗೆ ‘ಕೆಲವೇ’ ಎನ್ನುವುದಕ್ಕೊಂದು, ಸಮೂಹಕ್ಕೊಂದು ಸೇರಿ ನಾಲ್ಕು ವಚನಗಳು, ಮತ್ತು ಎಂಟು ವಿಭಕ್ತಿಗಳು. ಆಸ್ತಪೋರಿಗೆ ಬರುವಷ್ಟರಲ್ಲಿ ದೀರ್ಘ ಸ್ವರಗಳು ಹ್ರಸ್ವವಾಗಿವೆ, ವಿಭಕ್ತಿಗಳ ಬಹುಪಾಲು ಕಳಚಿಬಿದ್ದಿದೆ, ಪ್ರೌಢ ರೂಪದಲ್ಲಿ ಇಲ್ಲದ ‘ಜಿ’ ಎಂಬ ನಿರ್ದೇಶಕ ಪದ ನಾಮಪದದ ಮುಂದೆ ಬಂದು ನಿಂತಿದೆ.

ಗಮನಿಸಬೇಕಾದದ್ದು ಈ ಬದಲಾವಣೆಗಳ ಸ್ವರೂಪವನ್ನು. ಆಸ್ತಪೋರಿನಲ್ಲಿ ತರಬೇತಾಗುವ ಅನ್‌ಸಲೀಡ್ ಎಂಬ ಗುಲಾಮ ಸೈನಿಕರಿಗೆ ಪ್ರೌಢ ಭಾಷೆಯಲ್ಲಿ ‘ದೊವಾಒಗೇದಿಸ್’ ಎಂಬ ಹೆಸರಿದ್ದರೆ ಆಸ್ತಪೋರಿನವರು ‘ದೊವೊಘೆಧಿ’ ಎನ್ನುತ್ತಾರೆ. ನಡುವಿನ ಗಕಾರ ದಕಾರಗಳು ಸಡಿಲಗೊಂಡವು, ಏಕಾರ ಎಕಾರವಾಯಿತು, ಕೊನೆಯ ವ್ಯಂಜನ ಉದುರಿತು. ಇದು ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆದಂಥದೇ ನಿಯಮಬದ್ಧ ಧ್ವನಿ ವ್ಯತ್ಯಾಸ. ಹೊಸಗನ್ನಡವನ್ನು ಹಳಗನ್ನಡದ ಕ್ರಿಯೋಲ್ ಎಂದು ಯಾರೂ ಕರೆಯುವುದಿಲ್ಲ. ಪ್ರೌಢ ವ್ಯಾಲಿರಿಯನ್ನಿಗೂ ಅದರ ಮಕ್ಕಳಿಗೂ ಇರುವ ಸಂಬಂಧವನ್ನು ಲ್ಯಾಟಿನ್ ಮತ್ತು ಇಟಾಲಿಯನ್, ಫ್ರೆಂಚ್ ಮೊದಲಾದವುಗಳ ಸಂಬಂಧಕ್ಕೆ, ಇನ್ನೂ ಸರಿಯಾಗಿ ಹೇಳುವುದಾದರೆ ಶಾಸ್ತ್ರೀಯ ಅರಬ್ಬಿಗೂ ಇಂದಿನ ಆಡು ಅರಬ್ಬಿಗಳಿಗೂ ಇರುವ ಸಂಬಂಧಕ್ಕೆ ಹೋಲಿಸುವುದುಂಟು. ಆ ಹೋಲಿಕೆಯಲ್ಲಿ ಕ್ರಿಯೋಲ್ ಎಂಬ ಮಾತಿಗೆ ಜಾಗವಿಲ್ಲ.

ದೋಣಿಗಟ್ಟೆ:

ಧ್ವನಿ ವ್ಯತ್ಯಾಸ ನಿಯಮಬದ್ಧವಾಗಿದೆ ಎಂದ ಮಾತ್ರಕ್ಕೆ ಕ್ರಿಯೋಲ್ ಅಲ್ಲ ಎನ್ನುವ ತೀರ್ಮಾನವನ್ನು ನಾನು ಒಪ್ಪಲಾರೆ. ಹೈಟಿಯ ಕ್ರೆಯೋಲ್ ಅನ್ನೇ ನೋಡಿ. ಅದರ ಪದಗಳಲ್ಲಿ ಹೆಚ್ಚಿನವು ಫ್ರೆಂಚ್ ಮೂಲದವು, ಅವು ಫ್ರೆಂಚಿನಿಂದ ಬಂದ ದಾರಿಯನ್ನೂ ಸಾಕಷ್ಟು ನಿಯಮಬದ್ಧವಾಗಿ ತೋರಿಸಬಹುದು. ‘ನಾನು ತಿಂದೆ’ ಎನ್ನಲು ಅವರು ‘ಮ್ವೆನ್ ತೆ ಮಾಂಜೆ’ ಎನ್ನುತ್ತಾರೆ. ಭೂತಕಾಲ ಸೂಚಿಸುವ ಆ ‘ತೆ’ ಕೂಡ ಫ್ರೆಂಚಿನ ‘ಇರು’ ಎಂಬ ಕ್ರಿಯಾಪದದ ಒಂದು ರೂಪದಿಂದ ಹುಟ್ಟಿದ್ದೇ. ಹೈಟಿಯಲ್ಲಿ ಹುಟ್ಟಿ ಅಮೆರಿಕದ ಎಂಐಟಿಯಲ್ಲಿ ಕಲಿಸುವ ಮಿಶೆಲ್ ಡಿಗ್ರಾಫ್ ಅವರಂತೂ ಕ್ರಿಯೋಲ್‌ಗಳನ್ನು ಉಳಿದ ಭಾಷೆಗಳಿಂದ ಬೇರೆಯದೇ ಆದ ಜಾತಿಯೆಂದು ಕಾಣುವುದು ವಸಾಹತು ಕಾಲದ ಪೂರ್ವಗ್ರಹದ ಮುಂದುವರಿಕೆ ಎಂದು ದಶಕಗಳಿಂದ ವಾದಿಸುತ್ತಿದ್ದಾರೆ. ಲ್ಯಾಟಿನ್ ಫ್ರೆಂಚ್ ಆದಾಗಲೂ ವಿಭಕ್ತಿಗಳು ಹೋದವು, ಫ್ರೆಂಚ್ ಕ್ರೆಯೋಲ್ ಆದಾಗಲೂ ಕ್ರಿಯಾರೂಪಗಳು ಹೋದವು. ಮೊದಲನೆಯದನ್ನು ‘ಬೆಳವಣಿಗೆ’, ಎರಡನೆಯದನ್ನು ‘ಮುರುಕು’ ಎನ್ನುವುದು ಮಾತಾಡುವವರ ಮೈಬಣ್ಣ ನೋಡಿ ಎಂಬುದು ಅವರ ಆಕ್ಷೇಪದ ತಿರುಳು.

ಆದ್ದರಿಂದ ಭಾಷೆಯ ಒಡಲನ್ನು ಕೊಯ್ದು ನೋಡಿ ‘ಇದು ಕ್ರಿಯೋಲ್, ಇದು ಅಲ್ಲ’ ಎಂದು ಹೇಳಲು ಬರುವುದಿಲ್ಲ. ಹೇಳುವುದಿದ್ದರೆ ಅದನ್ನು ಆಡಿದ ಜನರ ಚರಿತ್ರೆಯನ್ನು ನೋಡಿಯೇ ಹೇಳಬೇಕು. ಕೊಲ್ಲಿಯ ಚರಿತ್ರೆಯಲ್ಲಿ ಗುಲಾಮಗಿರಿ ಇದೆ, ದಂಡೆತ್ತಿ ಬಂದವರಿದ್ದಾರೆ, ಅಳಿದ ಭಾಷೆಯೊಂದಿದೆ. ಇನ್ನೇನು ಬೇಕು?

ಗಡಿಯೂರು:

ನಮ್ಮ ಕಡೆಯ ಒಂದು ಉದಾಹರಣೆ ಹೇಳಿ ಸರಿಯುತ್ತೇನೆ. ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು, ಅಷ್ಟಿಷ್ಟು ತೆಲುಗು ಶತಮಾನಗಳಿಂದ ಒಟ್ಟಿಗೆ ಬಾಳಿವೆ. ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಲೇಖನದಿಂದಾಗಿ ಆ ಊರು ಜಗತ್ತಿನ ಭಾಷಾವಿಜ್ಞಾನದ ಪಠ್ಯಗಳಲ್ಲೆಲ್ಲ ಸೇರಿಕೊಂಡಿದೆ. ‘ಇದು ನಿಮ್ಮ ಮನೆ’ ಎಂದು ನೀವು ಮುಗಿಸುವಲ್ಲಿ ಅಲ್ಲಿಯ ಕನ್ನಡಿಗರು ಮರಾಠಿಯ ‘ಆಹೆ’ಗೆ ಸಮನಾಗಿ ‘ಐತಿ’ ಎಂಬುದನ್ನೂ ಸೇರಿಸುತ್ತಾರೆ. ಮೊದಲ ಮೂರೂ ಮಾತುಗಳ ವಾಕ್ಯರಚನೆ ಒಂದರ ಪಡಿಯಚ್ಚಿನಂತೆ ಇನ್ನೊಂದು ಆಗಿದೆ, ಪದಕ್ಕೆ ಪದ ಇಟ್ಟು ಅನುವಾದಿಸಬಹುದು, ಆದರೂ ಮನೆಯೊಳಗೆ ಯಾರೂ ತಮ್ಮ ಮಾತನ್ನು ಬಿಟ್ಟುಕೊಟ್ಟಿಲ್ಲ. ಇಷ್ಟು ಬೆರೆತದ್ದನ್ನೂ ಕ್ರಿಯೋಲ್ ಎನ್ನುವುದಿಲ್ಲ ಎಂದ ಮೇಲೆ ಒಡೆಯನೊಬ್ಬನ ಗುರುಗುಟ್ಟುವ ಉಚ್ಚಾರ ಯಾವ ಲೆಕ್ಕ?

ಹಳೆಯ ಪೆಟ್ಟಿಗೆ:

ಕುಪವಾಡದ ಉದಾಹರಣೆ ಬಂದದ್ದು ಒಳ್ಳೆಯದಾಯಿತು, ಏಕೆಂದರೆ ಆ ಲೇಖನ ಬಂದ ಸಂಪುಟದಲ್ಲೇ ಈ ಚರ್ಚೆಗೆ ಇನ್ನೂ ಹತ್ತಿರದ ಒಂದು ಬರಹವಿದೆ. 1968ರಲ್ಲಿ ಜಮೈಕಾದ ಮೋನಾದಲ್ಲಿ ನಡೆದ ಸಮ್ಮೇಳನದ ಪ್ರಬಂಧಗಳನ್ನು ಡೆಲ್ ಹೈಮ್ಸ್ ಸಂಪಾದಿಸಿ 1971ರಲ್ಲಿ ಹೊರತಂದರು. ಅದರಲ್ಲಿ ಫ್ರಾಂಕ್ಲಿನ್ ಸೌತ್‌ವರ್ತ್ ಅವರು ಮರಾಠಿಯ ಹುಟ್ಟಿನ ಹಿಂದೆ ಒಂದು ಕ್ರಿಯೋಲ್ ಹಂತ ಇದ್ದಿರಬಹುದೇ ಎಂಬ ಪ್ರಶ್ನೆಯನ್ನು ಎತ್ತಿದ್ದಾರೆ. ದ್ರಾವಿಡ ಮಾತನ್ನಾಡುತ್ತಿದ್ದ ದೊಡ್ಡ ಜನಸಮುದಾಯ ಇಂಡೋ-ಆರ್ಯನ್ ಮಾತಿಗೆ ಹೊರಳಿದ್ದರ ಗುರುತುಗಳು ಮರಾಠಿಯಲ್ಲಿ ಉಳಿದಿವೆ ಎಂಬುದರಲ್ಲಿ ಹೆಚ್ಚಿನ ವಿವಾದವಿಲ್ಲ. ಕೇಳುಗನನ್ನು ಹೊರಗಿಟ್ಟು ‘ನಾವು’ ಎನ್ನಲು ‘ಆಮ್ಹಿ’, ಒಳಗೊಂಡು ಹೇಳಲು ‘ಆಪಣ’ ಎನ್ನುವ ಭೇದ ಅದರಲ್ಲೊಂದು (ತಮಿಳು ತೆಲುಗುಗಳು ಉಳಿಸಿಕೊಂಡಿರುವ ಈ ಭೇದವನ್ನು ಕನ್ನಡವೇ ಕೈಬಿಟ್ಟಿದೆ ಎಂಬುದು ಬೇರೆ ಮಾತು). ಆದರೆ ಆ ಹೊರಳುವಿಕೆ ಕ್ರಿಯೋಲೀಕರಣವಾಗಿತ್ತು ಎಂಬ ಮುಂದಿನ ಹೆಜ್ಜೆಯನ್ನು ಇಡಲು ಬಹಳ ಮಂದಿ ಸಿದ್ಧರಾಗಲಿಲ್ಲ.

ಸಾರಾ ಥಾಮಸನ್ ಮತ್ತು ಟೆರೆನ್ಸ್ ಕೌಫ್‌ಮನ್ ಅವರ 1988ರ ಗ್ರಂಥದಲ್ಲಿರುವ ಒಂದು ಭೇದವನ್ನು ಹಿಡಿದರೆ ಕೊಲ್ಲಿಯ ಗಂಟು ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ. ಜನ ತಮ್ಮ ಭಾಷೆಯನ್ನು ಉಳಿಸಿಕೊಂಡು ಪಕ್ಕದ ಭಾಷೆಯಿಂದ ಎರವಲು ತರುವಾಗ ಮೊದಲು ಬರುವುದು ಪದಗಳು. ಕನ್ನಡಕ್ಕೆ ಪಾರಸಿಯಿಂದ ‘ಜಮೀನು’ ಬಂತು, ಪಾರಸಿಯ ಉಚ್ಚಾರವಾಗಲಿ ವಾಕ್ಯರಚನೆಯಾಗಲಿ ಬರಲಿಲ್ಲ. ಇದಕ್ಕೆ ವಿರುದ್ಧವಾಗಿ, ಜನ ತಮ್ಮ ಭಾಷೆಯನ್ನೇ ತೊರೆದು ಬೇರೊಂದಕ್ಕೆ ಹೊರಳುವಾಗ ಹಳೆಯದರ ಪದಗಳು ಹಿಂದೆ ಉಳಿಯುತ್ತವೆ, ಆದರೆ ನಾಲಗೆಯ ಅಭ್ಯಾಸ ಜೊತೆಗೇ ದಾಟಿಬರುತ್ತದೆ: ಮೊದಲು ಉಚ್ಚಾರ, ಆಮೇಲೆ ವಾಕ್ಯದ ಕಟ್ಟು. ಕ್ರಾಜ್ನಿಸ್‌ನ ಮಾತನ್ನು ಕಾದಂಬರಿಕಾರರು ಬಣ್ಣಿಸಿದ್ದು ಅಕ್ಷರಶಃ ಹೀಗೆಯೇ ಇದೆ. ಘಿಸ್‌ನ ಗುರುಗುಟ್ಟು ಮಾತಿನ ಮೈಯೆಲ್ಲ ಹರಡಿದೆ, ಪದಗಳು ‘ಅಲ್ಲೊಂದು ಇಲ್ಲೊಂದು’, ಅವೂ ದಂಧೆಗೆ ಸಂಬಂಧಪಟ್ಟವು. ಮಾರ್ಟಿನ್ ಅವರು ಭಾಷಾವಿಜ್ಞಾನದ ಪುಸ್ತಕ ತೆರೆದಿಟ್ಟುಕೊಂಡು ಬರೆದರೆಂದು ನಾನು ಹೇಳುತ್ತಿಲ್ಲ. ಕಿವಿ ಸೂಕ್ಷ್ಮವಾಗಿರುವ ಲೇಖಕರಿಗೆ ಇಂಥವು ತಾವಾಗಿ ದಕ್ಕುತ್ತವೆ. ಒಡೆಯರದು ಭಾಷಾಪಲ್ಲಟ. ಕ್ರಿಯೋಲ್ ಅಲ್ಲ.

ದೋಣಿಗಟ್ಟೆಯವರ ಮಾತಿನಲ್ಲಿ ನನಗೆ ಒಪ್ಪಿಗೆಯಾಗುವ ಭಾಗ ಚರಿತ್ರೆಯನ್ನು ನೋಡಬೇಕೆಂಬುದು. ಆದರೆ ‘ಗುಲಾಮಗಿರಿ ಇದೆ’ ಎಂಬಷ್ಟಕ್ಕೇ ನಿಲ್ಲಬಾರದು, ಆ ಗುಲಾಮಗಿರಿ ಯಾವ ಬಗೆಯದು ಎಂದು ಕೇಳಬೇಕು. ಹೈಟಿಯಾಗುವ ಮೊದಲು ಸಾಂ-ದೊಮಾಂಗ್ ಎಂದಿದ್ದ ವಸಾಹತಿನಲ್ಲಿ 1791ರ ದಂಗೆಯ ಹೊತ್ತಿಗೆ ಸುಮಾರು ಐದು ಲಕ್ಷ ಗುಲಾಮರಿದ್ದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಫ್ರಿಕದಲ್ಲೇ ಹುಟ್ಟಿದವರು. ಕಬ್ಬಿನ ತೋಟದಲ್ಲಿ ಹೊಸದಾಗಿ ಬಂದಿಳಿದವನು ಫ್ರೆಂಚನ್ನು ಕಲಿಯುತ್ತಿದ್ದದ್ದು ಫ್ರೆಂಚರಿಂದಲ್ಲ, ತನಗಿಂತ ಕೆಲವು ವರ್ಷ ಮೊದಲು ಬಂದ ಇನ್ನೊಬ್ಬ ಗುಲಾಮನಿಂದ. ಕೊಲ್ಲಿಯಲ್ಲಿ ಅದಕ್ಕೆ ಸಾಟಿಯಾದ ಜಾಗ ಯಾವುದು?

ನೀರಕಾಗೆ:

ಆ ಜಾಗ ಆಸ್ತಪೋರಿನ ಸೈನಿಕರ ಪಾಳೆಯ ಎಂಬುದೇ ನನ್ನ ಊಹೆ, ಮತ್ತು ಮೊದಲ ಬರಹದಲ್ಲಿ ಹೇಳಲು ಹೊರಟು ಉಳಿದುಹೋದದ್ದೂ ಅದೇ.

ಅನ್‌ಸಲೀಡ್ ಸೈನಿಕರನ್ನು ಐದರ ಆಸುಪಾಸಿನ ವಯಸ್ಸಿನಲ್ಲಿ ಜಗತ್ತಿನ ನಾನಾ ಕಡೆಗಳಿಂದ ಕೊಂಡು ತರುತ್ತಾರೆ. ಆ ವಯಸ್ಸಿನ ಮಗುವಿಗೆ ತಾಯ್ನುಡಿ ಬಂದಿರುತ್ತದೆ, ಆದರೆ ಅದನ್ನು ಆಡಲು ಪಾಳೆಯದಲ್ಲಿ ಜೊತೆಗಾರರಿಲ್ಲ. ಒಡೆಯರು ಅವರೊಡನೆ ಹರಟೆ ಹೊಡೆಯುವುದಿಲ್ಲ, ಆಜ್ಞೆ ಮಾಡುತ್ತಾರೆ. ಹೆಸರೂ ಸ್ವಂತದ್ದಲ್ಲ: ಕ್ರಿಮಿಕೀಟಗಳ ಹೆಸರಿಗೊಂದು ಬಣ್ಣ ಸೇರಿಸಿದ ಬಿಲ್ಲೆಗಳಿಂದ ದಿನಕ್ಕೊಂದನ್ನು ಎತ್ತಿಕೊಳ್ಳಬೇಕು. ‘ತೊರ್ಗೊ ನುಧೊ’ ಎಂದರೆ ಬೂದು ಹುಳ. ಡೆನೇರಿಸ್‌ನಿಂದ ಬಿಡುಗಡೆಯಾದ ಮೇಲೂ ಆ ಹೆಸರಿನ ಸೈನಿಕ ಅದನ್ನೇ ಉಳಿಸಿಕೊಂಡದ್ದು ಬಿಡುಗಡೆಯ ದಿನ ಅದು ತನ್ನ ಪಾಲಿಗೆ ಬಂದಿತ್ತು ಎಂಬ ಕಾರಣಕ್ಕೆ. ಹಲವು ತಾಯ್ನುಡಿಗಳು, ಆಜ್ಞೆಯ ರೂಪದಲ್ಲಿ ಮಾತ್ರ ಕಿವಿಗೆ ಬೀಳುವ ಒಂದು ಭಾಷೆ, ತಮ್ಮೊಳಗೆ ಮಾತಾಡಿಕೊಳ್ಳಲೇಬೇಕಾದ ಸಾವಿರಾರು ಹುಡುಗರು. ಪಿಡ್ಜಿನ್, ಅಂದರೆ ಇನ್ನೂ ಯಾರ ತಾಯ್ನುಡಿಯೂ ಆಗದ ಬೆರಕೆಮಾತು, ಹುಟ್ಟುವುದಕ್ಕೆ ಇದಕ್ಕಿಂತ ಹದವಾದ ಮಣ್ಣು ಎಲ್ಲಿದೆ?

ನಿಜ ಜಗತ್ತಿನಲ್ಲಿ ಇದಕ್ಕೆ ಬಹಳ ಹತ್ತಿರದ ಜೋಡಿ ನೂಬಿ ಭಾಷೆ. 19ನೇ ಶತಮಾನದಲ್ಲಿ ಈಜಿಪ್ಟಿನ ತುರ್ಕಿ ಆಡಳಿತವು ದಕ್ಷಿಣ ಸುಡಾನಿನ ಹಲವಾರು ಬುಡಕಟ್ಟುಗಳಿಂದ ಹಿಡಿದು ತಂದವರನ್ನು ಸೈನಿಕರನ್ನಾಗಿಸಿತು. ಬೇಲಿ ಕಟ್ಟಿದ ಠಾಣೆಗಳಲ್ಲಿ ಅವರು ಪರಸ್ಪರ ಆಡಿದ ಮುರುಕು ಅರಬ್ಬಿಯಲ್ಲಿ ಅರಬ್ಬಿಯ ಕಂಠಮೂಲದ ಧ್ವನಿಗಳು ಉಳಿಯಲಿಲ್ಲ, ಧಾತುವಿನೊಳಗೆ ಸ್ವರ ಬದಲಿಸಿ ಪದ ಕಟ್ಟುವ ಪದ್ಧತಿ ಉಳಿಯಲಿಲ್ಲ. ನಡೆಯುತ್ತಿರುವ ಕ್ರಿಯೆಗೆ ‘ಗಿ’, ಮುಂದೆ ನಡೆಯುವುದಕ್ಕೆ ‘ಬಿ’ ಎಂದು ಕ್ರಿಯಾಪದದ ಮುಂದೆ ಸೇರಿಸುವ ಸರಳ ಕ್ರಮ ಬಂತು. 1880ರ ದಶಕದಲ್ಲಿ ಸುಡಾನಿನ ಧಾರ್ಮಿಕ ನಾಯಕ ಮಹ್ದಿಯ ದಂಗೆ ಉತ್ತರದ ದಾರಿಯನ್ನು ಮುಚ್ಚಿದಾಗ ಅಲ್ಲಿನ ರಾಜ್ಯಪಾಲ ಎಮಿನ್ ಪಾಷಾ ಈ ಪಡೆಗಳೊಡನೆ ದಕ್ಷಿಣಕ್ಕೆ ಸರಿದ. ಅಲ್ಲೇ ಉಳಿದವರನ್ನು 1891ರಲ್ಲಿ ಬ್ರಿಟಿಷ್ ಅಧಿಕಾರಿ ಲುಗಾರ್ಡ್ ಬ್ರಿಟಿಷರ ಸೇವೆಗೆಂದು ಉಗಾಂಡಕ್ಕೆ ಕರೆತಂದ. ಅರಬ್ಬಿ ನಾಡಿನ ಸಂಪರ್ಕ ಅಲ್ಲಿಗೆ ಕಡಿದುಹೋಯಿತು, ಮಾತು ಮಾತ್ರ ಉಳಿಯಿತು. ಇಂದಿಗೂ ಉಗಾಂಡದ ಬೊಂಬೊದಲ್ಲಿ, ನೈರೋಬಿಯ ಕಿಬೆರಾದಲ್ಲಿ ಅದನ್ನು ತಾಯ್ನುಡಿಯಾಗಿ ಆಡುವವರಿದ್ದಾರೆ.

ನೂಬಿ ಉಳಿದದ್ದು ಸೈನಿಕರಿಂದಲ್ಲ, ಸೈನಿಕರ ಸಂಸಾರಗಳಿಂದ. ಪಡೆಯ ಹಿಂದೆ ಹೆಂಡಿರು, ಮಕ್ಕಳು, ಆಳುಕಾಳುಗಳು ನಡೆದರು. ಠಾಣೆಯ ಮಾತು ಒಲೆಯ ಮುಂದಿನ ಮಾತಾಯಿತು. ಆಸ್ತಪೋರಿನ ಒಡೆಯರು ಮಾಡಿದ ಕ್ರೌರ್ಯ ಈ ಕೊಂಡಿಯನ್ನೇ ಕತ್ತರಿಸಿತು. ಪುರುಷತ್ವ ಕಳೆದ ಸೈನಿಕರಿಗೆ ಮಕ್ಕಳಿಲ್ಲ, ಹಾಗಾಗಿ ಅವರ ಪಿಡ್ಜಿನ್ ಪ್ರತಿ ತಲೆಮಾರಿನಲ್ಲೂ ಹೊಸದಾಗಿ ಹುಟ್ಟಿ, ಅದೇ ತಲೆಮಾರಿನಲ್ಲಿ ಸಾಯಬೇಕು. ಅದು ಎಂದೂ ಕ್ರಿಯೋಲ್ ಆಗಲಾರದು.

ಮೂರನೇ ವಿಭಕ್ತಿ:

ಪೂರ್ತಿ ಸಾಯುವುದಿಲ್ಲ ಎನಿಸುತ್ತದೆ. ಹಿರಿಯ ಹುಡುಗರಿಂದ ಕಿರಿಯರು ಕಲಿಯುತ್ತಾರಲ್ಲ. ತಂದೆತಾಯಿಗಳಿಲ್ಲದಿದ್ದರೂ ಪಾಳೆಯದಲ್ಲಿ ಸರಪಳಿ ಇದೆ. ಐದು ವರ್ಷದ ಮಗು ಭಾಷೆಯನ್ನು ಮೈಗೂಡಿಸಿಕೊಳ್ಳುವ ವಯಸ್ಸನ್ನು ಇನ್ನೂ ದಾಟಿರುವುದಿಲ್ಲ, ಆದ್ದರಿಂದ ಅವರ ಬಾಯಲ್ಲಿ ಪಿಡ್ಜಿನ್ ತಕ್ಕಮಟ್ಟಿಗೆ ತುಂಬಿಕೊಂಡೇ ಬೆಳೆಯುತ್ತದೆ. ಕ್ವೊಹೋರ್ ನಗರವನ್ನು ಇಂಥ ಸೈನಿಕರೇ ಕಾಯುತ್ತಾರೆಂದು ಕಾದಂಬರಿಗಳು ಹೇಳುವುದರಿಂದ ಆಸ್ತಪೋರಿನ ಪಾಳೆಯದ ಮಾತು ಕೊಲ್ಲಿಯಿಂದ ಬಹುದೂರದವರೆಗೂ ಹರಡಿರಬೇಕು.

ಇನ್ನೊಂದು ತೊಡಕೂ ಇದೆ. ವ್ಯಾಲಿರಿಯನ್ ತನ್ನ ತಾಯ್ನುಡಿ ಎಂದು ಸಾರುವ ಪ್ರಸಿದ್ಧ ದೃಶ್ಯದಲ್ಲಿ ಡೆನೇರಿಸ್ ಆ ಸೈನಿಕರಿಗೆ ಆಜ್ಞೆ ಕೊಡುವುದು ಪ್ರೌಢ ವ್ಯಾಲಿರಿಯನ್ನಿನಲ್ಲಿ, ಅವರು ಒಂದು ಕ್ಷಣವೂ ತಡೆಯದೆ ಪಾಲಿಸುತ್ತಾರೆ. ಅವರ ಮಾತು ಪ್ರೌಢ ರೂಪದಿಂದ ಅಷ್ಟೊಂದು ದೂರ ಸರಿದಿದ್ದರೆ ಅದು ಹೇಗೆ ಸಾಧ್ಯ? ನನಗೆ ತೋಚುವ ಉತ್ತರವೆಂದರೆ ಕವಾಯತಿನ ಮಾತು ಆಡುಮಾತಿನಿಂದ ಬೇರೆಯಾಗಿಯೇ ಉಳಿಯುತ್ತದೆ ಎಂಬುದು. ‘ಸಾವಧಾನ್’, ‘ವಿಶ್ರಾಮ್’ ಎಂದೊಡನೆ ನೆಟ್ಟಗೆ ನಿಲ್ಲುವ ನಮ್ಮ ಹಳ್ಳಿಯ ಶಾಲೆಯ ಮಕ್ಕಳೆಲ್ಲ ಹಿಂದಿ ಬಲ್ಲವರೇನಲ್ಲ.

ದೋಣಿಗಟ್ಟೆ:

ಪಾಳೆಯದ ವಾದಕ್ಕೆ ನಾನು ಸೋತೆ ಎಂದು ಒಪ್ಪಿಕೊಳ್ಳುತ್ತೇನೆ; ನೂಬಿಯ ಹೋಲಿಕೆ ನನಗೆ ಹೊಳೆದಿರಲಿಲ್ಲ. ಆದರೆ ಕೊಲ್ಲಿಯ ಗುಲಾಮರಲ್ಲಿ ಎಲ್ಲರೂ ಸೈನಿಕರಲ್ಲ. ಮನೆವಾರ್ತೆಯವರು, ಅಡುಗೆಯವರು, ಕುಶಲಕರ್ಮಿಗಳು, ಬರಹಗಾರರು ಇದ್ದರು. ಅವರ ಸ್ಥಿತಿಗೆ ಹೈಟಿಯ ತೋಟಕ್ಕಿಂತ ನಮ್ಮ ಉತ್ತರ ಕನ್ನಡವೇ ಹೆಚ್ಚು ಬೆಳಕು ಚೆಲ್ಲುತ್ತದೆ. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಸಿದ್ದಿಗಳ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕದಿಂದ ಗುಲಾಮರಾಗಿ ಗೋವಾಕ್ಕೆ ತಂದಿದ್ದರು, ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಇಂದು ಅವರು ಆಡುವುದು ಕೊಂಕಣಿ, ಕನ್ನಡ, ಮರಾಠಿ, ಉರ್ದು. ಅವರದೇ ಆದ ಕ್ರಿಯೋಲ್ ಅಲ್ಲಿ ನಿಲ್ಲಲಿಲ್ಲ. ಮನೆಮನೆಗೆ ಹಂಚಿಹೋದ ಗುಲಾಮರು ಆ ಮನೆಯ ಭಾಷೆಯನ್ನು ಪೂರ್ತಿಯಾಗಿ ಕಲಿತುಬಿಡುತ್ತಾರೆ; ಸಾವಿರಾರು ಮಂದಿಯನ್ನು ಒಂದೇ ಬೇಲಿಯೊಳಗೆ ಕೂಡಿಹಾಕಿದಾಗ ಮಾತ್ರ ಅವರಿಗೆ ತಮ್ಮದೊಂದು ಮಾತು ಬೇಕಾಗುತ್ತದೆ. ಹಾಗೆ ನೋಡಿದರೆ ಮೀರೀನಿನ ಪಿರಮಿಡ್ಡುಗಳೊಳಗಿನ ಗುಲಾಮರು ಒಡೆಯರಂತೆಯೇ ಮಾತಾಡುತ್ತಿದ್ದಿರಬೇಕು.

ಕೊನೆಗೊಂದು ಕೊಂಕು. ಐದು ಸಾವಿರ ವರ್ಷವಾದರೂ ಕ್ರಾಜ್ನಿಸ್‌ನ ಬೈಗುಳಗಳು ಪ್ರೌಢ ವ್ಯಾಲಿರಿಯನ್ ಕಲಿತ ಡೆನೇರಿಸ್‌ಗೆ ಸಲೀಸಾಗಿ ತಿಳಿಯುತ್ತವಂತೆ! ಸುಮಾರು 450ರ ಹಲ್ಮಿಡಿ ಶಾಸನವನ್ನು ಮೇಷ್ಟ್ರಿಲ್ಲದೆ ಓದಿ ಅರ್ಥ ಹೇಳುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ?

ಹಳೆಯ ಪೆಟ್ಟಿಗೆ:

ಆ ಕೊಂಕಿಗೆ ಕಥೆಯೊಳಗೇ ಅರ್ಧ ಉತ್ತರವಿದೆ. ವ್ಯಾಲಿರಿಯ ನಾಶವಾದದ್ದು ಕಥೆಯ ಕಾಲಕ್ಕೆ ನಾಲ್ಕು ಶತಮಾನಗಳ ಹಿಂದೆ ಮಾತ್ರ. ಅಲ್ಲಿಯವರೆಗೆ ಗೆದ್ದವರ ಭಾಷೆ ಅಧಿಕಾರದ, ವ್ಯಾಪಾರದ, ಓದುಬರಹದ ಭಾಷೆಯಾಗಿ ಮೇಲೆ ಕೂತಿತ್ತು, ಕೆಳಗಿನ ಮಾತು ದೂರ ಹೋದಾಗಲೆಲ್ಲ ಅದನ್ನು ತನ್ನತ್ತ ಎಳೆದುಕೊಳ್ಳುತ್ತಿತ್ತು. ಜಮೈಕಾದಲ್ಲಿ ಇಂಗ್ಲಿಷ್ ಬಲ್ಲವರ ಮಾತಿನಿಂದ ಹಿಡಿದು ಹಳ್ಳಿಗಾಡಿನ ಪಾಟ್ವಾ ಎಂಬ ಇಂಗ್ಲಿಷ್ ಮೂಲದ ಕ್ರಿಯೋಲ್‌ವರೆಗೆ ಗೆರೆ ಎಳೆಯಲಾಗದ ಒಂದು ಇಳಿಜಾರು ಇದೆಯಲ್ಲ, ಹಾಗೆ. ಅಲ್ಲಿ ಒಬ್ಬನೇ ಮನುಷ್ಯ ಬೆಳಿಗ್ಗೆ ಕಚೇರಿಯಲ್ಲಿ ಮೇಲಿನ ಮೆಟ್ಟಿಲಲ್ಲೂ ಸಂಜೆ ಕಟ್ಟೆಯ ಮೇಲೆ ಕೆಳಗಿನ ಮೆಟ್ಟಿಲಲ್ಲೂ ಮಾತಾಡುತ್ತಾನೆ. ಕ್ರಾಜ್ನಿಸ್ ಮೇಲಿನ ಮೆಟ್ಟಿಲ ಗಿರಾಕಿ. ಉತ್ತರದ ಉಳಿದರ್ಧಕ್ಕೆ ಕಾದಂಬರಿಕಾರರ ಔದಾರ್ಯವೇ ಗತಿ. ದೊಡ್ಡ ಅಂಕಿಗಳ ಮೇಲೆ ಅವರಿಗೆ ಮೋಹ ಜಾಸ್ತಿ.

ನೀರಕಾಗೆ:

ಗುಲಾಮರ ಮಾತನ್ನು ಎಲ್ಲಿಯಾದರೂ ಕೇಳಿದ್ದೇವೆಯೇ ಎಂದು ಮೊದಲು ಕೇಳಿದ್ದೆ. ಪುಸ್ತಕವನ್ನು ಮತ್ತೆ ತೆರೆದು ನೋಡಿದೆ. ಒಂದು ಕಡೆ ಕೇಳಿದ್ದೇವೆ.

ಯುಂಕೈ ಶರಣಾದ ಮೇಲೆ ಬಿಡುಗಡೆಯಾದ ಜನ ನಗರದ ಬಾಗಿಲಿನಿಂದ ಹೊರಬಂದು ಡೆನೇರಿಸ್‌ನ ಸುತ್ತ ನೆರೆಯುತ್ತಾರೆ. ಧಾರಾವಾಹಿಯ ಮೂರನೇ ಸರಣಿಯ ಕೊನೆಯಲ್ಲಿ ಆ ಇಡೀ ಗುಂಪು ಒಂದೇ ಕಂಠದಿಂದ ‘ಮ್ಹೈಸಾ’ ಎಂದು ಕೂಗುತ್ತದೆ. ಹಾಗೆಂದರೇನೆಂದು ಕೇಳಿದಾಗ ಅದು ಹಳೆಯ ಘಿಸ್ಕಾರಿ, ಅದರರ್ಥ ತಾಯಿ ಎಂದು ಡೆನೇರಿಸ್‌ನ ದುಭಾಷಿ ಮಿಸಾಂಡೆ ತಿಳಿಸುತ್ತಾಳೆ. ಒಡೆಯರು ಕಳೆದುಕೊಂಡ ಭಾಷೆಯ ಪದವೊಂದು ಒಡೆಯರಿಗೆ ದಕ್ಕದೆ ಅವರ ಗುಲಾಮರ ಬಾಯಲ್ಲಿ ಬದುಕಿ ಉಳಿದಿದೆ, ಅದೂ ಎಳೆಯ ಮಕ್ಕಳು ಮೊದಲು ಕಲಿಯುವ ಪದ. ಆದರೆ ಪುಸ್ತಕದಲ್ಲಿ ಕೂಗು ಒಂದೇ ಪದದ್ದಲ್ಲ. ‘ಮ್ಹೈಸಾ’ ಎನ್ನುವವರ ನಡುವೆಯೇ ಕೆಲವರು ‘ಮೇಲ’ ಎನ್ನುತ್ತಾರೆ, ಇನ್ನು ಕೆಲವರು ‘ಏಲಲ್ಲ’, ‘ಕಥೈ’, ‘ತಾತೊ’ ಎನ್ನುತ್ತಾರೆ. ಎಲ್ಲಕ್ಕೂ ಅರ್ಥ ಒಂದೇ.

ಒಂದೇ ಬಾಗಿಲಿನಿಂದ ಹೊರಬಂದ ಜನರ ಬಾಯಲ್ಲಿ ತಾಯಿಗೆ ಐದು ಪದಗಳಿವೆ. ಧಾರಾವಾಹಿ ಅವುಗಳಲ್ಲಿ ನಾಲ್ಕನ್ನು ಬಿಟ್ಟಿತು. ಆ ಐದೂ ಪದಗಳನ್ನಾಡುವವರು ಆಮೇಲೆ ಒಂದೇ ಬಂಡಿಸಾಲಿನಲ್ಲಿ ಮೀರೀನಿನತ್ತ ನಡೆದರು, ಈ ಸಲ ಮಕ್ಕಳನ್ನೂ ಕಂಕುಳಲ್ಲಿ ಎತ್ತಿಕೊಂಡು.